ಸೂರ್ಯ ನಿಂತ ನಾಲ್ಕು ದಿನ

ಧಾರವಾಡಕ್ಕೆ ಶೀತನಿದ್ರೆಯ ಹಾಸಿಗೆಗಳು ಬಂದು ಆರು ವರ್ಷವಾಗಿತ್ತು. ಕಾಗದಪತ್ರಗಳಲ್ಲಿ ಅವಕ್ಕೆ ಬೇರೆಯೇ ಹೆಸರು. ಊರವರು ಮಾತ್ರ ಮೊದಲ ವಾರದಲ್ಲೇ ಅವನ್ನು ಭೀಷ್ಮನ ಮಂಚ ಎಂದು ಕರೆದರು, ಅದೇ ನಿಂತಿತು. ಇನ್ನು ಕೆಲವೇ ದಿನ ಎಂದು ವೈದ್ಯರು ಕೈಬಿಟ್ಟವರು ಅವುಗಳ ಮೇಲೆ ಮಲಗುತ್ತಿದ್ದರು. ಹಿಮದ ನಾಡಿನ ಕರಡಿ ಚಳಿಗಾಲವಿಡೀ ಗುಹೆಯಲ್ಲಿ ಮಲಗುತ್ತದಲ್ಲ, ಆ ನಿದ್ದೆಯ ಗುಟ್ಟನ್ನು ತಿಳಿದುಕೊಂಡು ಮಾಡಿದ ಔಷಧ ರಕ್ತಕ್ಕೆ ಸೇರುತ್ತಿತ್ತು. ಮೈ ಬಾವಿನೀರಿನಷ್ಟು ತಣ್ಣಗಾಗುತ್ತಿತ್ತು, ಎದೆ ನಿಮಿಷಕ್ಕೆ ನಾಲ್ಕೇ ಸಲ ಬಡಿಯುತ್ತಿತ್ತು. ರೋಗಿಯ ಜೊತೆಗೆ ರೋಗವೂ ನಿದ್ದೆಹೋಗುತ್ತಿತ್ತು. ಗುಣವಾಗುತ್ತಿರಲಿಲ್ಲ; ಉಳಿದ ಆಯುಷ್ಯವನ್ನು ಬೇಕಾದ ದಿನಕ್ಕೆ ಎತ್ತಿಟ್ಟುಕೊಳ್ಳಬಹುದಿತ್ತು, ಅಷ್ಟೆ.

ಜನ ಅದಕ್ಕೂ ಒಗ್ಗಿಕೊಂಡರು. ಒಬ್ಬಳು ಮೊಮ್ಮಗಳ ಮದುವೆಯ ದಿನಕ್ಕೆ ಎಬ್ಬಿಸಿ ಎಂದು ಬರೆಸಿ ಮಲಗಿದಳು. ಒಬ್ಬ ಪೈಲವಾನ ಆಪೂಸು ಮಾವು ಬಂದ ಮೇಲೆ ಎಬ್ಬಿಸಿ ಎಂದ. ಆದರೆ ಜುಲೈ ನಡುವೆ ದಕ್ಷಿಣಾಯನ ಶುರುವಾಯಿತೆಂದರೆ ಅರ್ಧಕ್ಕರ್ಧ ಹಾಸಿಗೆಗಳು ಒಂದೇ ಬೇಡಿಕೆಯವರಿಂದ ತುಂಬುತ್ತಿದ್ದವು: ಉತ್ತರಾಯಣಕ್ಕೆ ಎಬ್ಬಿಸಿ. ಸಂಕ್ರಾಂತಿಯ ಮುಂಜಾನೆ ಹದಿನೈದಿಪ್ಪತ್ತು ಮಂದಿ ಒಟ್ಟಿಗೆ ಕಣ್ಣು ತೆರೆಯುತ್ತಿದ್ದರು. ಕೆಲಗೇರಿ ಕೆರೆಯ ಆಚೆಗಿನ ಆ ಕೇಂದ್ರದ ಅಂಗಳದಲ್ಲಿ ಅಂದು ಎಳ್ಳಿನ ವಾಸನೆ, ಅಳು, ನಗು ಎಲ್ಲ ಒಂದಾಗಿರುತ್ತಿತ್ತು.

ಅನಸೂಯಾಬಾಯಿಯವರ ಗಂಡ ವಾಮನಾಚಾರ್ಯ ಮಣ್ಣೂರ ಅಕ್ಟೋಬರ್ ಹದಿನೆಂಟರಂದು ಅಲ್ಲಿ ಮಲಗಿದ್ದರು. ಎಪ್ಪತ್ತೆಂಟು ವರ್ಷ, ಸೋತ ಹೃದಯ. ನಲವತ್ತೊಂದು ವರ್ಷ ತಮ್ಮ ಹೆಸರಿನ ಪಂಚಾಂಗ ಗಣಿಸಿ ಅಚ್ಚು ಹಾಕಿಸಿದವರು. ಮಕ್ಕಳಿಲ್ಲದ ಆ ಮನೆಯಲ್ಲಿ ವರ್ಷಕ್ಕೊಮ್ಮೆ ಹುಟ್ಟುತ್ತಿದ್ದದ್ದು ಆ ಪಂಚಾಂಗವೊಂದೇ. ಅವರು ಲೆಕ್ಕ ಬರೆಯುವುದು, ಅನಸೂಯಾಬಾಯಿ ಕರಡು ತಿದ್ದುವುದು. ತಿಥಿಯ ಘಳಿಗೆಯಲ್ಲಿ ಒಂದು ಅಂಕಿ ಜಾರಿದರೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. ಆ ಅಂಕಿ ಯಾಕೆ ಹಾಗಿದೆ ಎಂದು ಮಾತ್ರ ಆಕೆ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಡಿಸೆಂಬರ್ ಮೂರಕ್ಕೆ ಕೇಂದ್ರದಿಂದ ಫೋನು ಬಂತು. ಹಾಸಿಗೆಗಳನ್ನು ನೋಡಿಕೊಳ್ಳುವ ತಂತ್ರಜ್ಞೆ ಶಬಾನಾ ನದಾಫ್. ನವಲಗುಂದದ ಕಡೆಯ ಹುಡುಗಿ, ಮೂವತ್ತರ ಆಸುಪಾಸು, ಮೆಲುಮಾತಿನವಳು.

"ಅಮ್ಮಾರ, ಒಂದೀಟು ಬಂದು ಹೋಗ್ತೀರೇನ್ರಿ? ಗಾಬರಿ ಆಗಬ್ಯಾಡ್ರಿ. ಒಂದು ಮಾತು ಕೇಳೋದದ."

ನಿಯಂತ್ರಣ ಕೋಣೆಯ ಗಾಜಿನಾಚೆ ಮೂವತ್ತು ಹಾಸಿಗೆಗಳು ಸಾಲಾಗಿದ್ದವು. ಒಂಬತ್ತನೆಯದರಲ್ಲಿ ವಾಮನಾಚಾರ್ಯರ ಮುಖ, ಗಂಧ ಅಳಿಸಿದ ಹಣೆ. ಶಬಾನಾ ಪರದೆಯ ಮೇಲೊಂದು ಇಳಿಯುವ ಗೆರೆ ತೋರಿಸಿದಳು.

"ಇದಕ್ಕ ನಾವು ಎಚ್ಚರದ ತಾಸು ಅಂತೀವ್ರಿ. ಈಗ ಎಬ್ಬಿಸಿದ್ರ ಎಷ್ಟು ತಾಸು ಮಾತಾಡ್ತಾರ, ಕಣ್ಣು ಬಿಟ್ಟಿರ್ತಾರ ಅನ್ನೋ ಅಂದಾಜು. ಮಲಗಿದಾಗ ಹದಿನಾಲ್ಕು ತಾಸಿತ್ತು. ನಿದ್ದಿಯೊಳಗೂ ತುಸು ತುಸು ಸೋರತದ. ಇವರದು ನಾವು ಅಂದುಕೊಂಡದ್ದಕ್ಕಿಂತ ಜೋರಾಗಿ ಸೋರಲಿಕ್ಕೆ ಹತ್ಯದ. ಇವತ್ತ ಎಂಟು."

"ಸಂಕ್ರಾಂತಿಗೆ?" ಎಂದರು ಅನಸೂಯಾಬಾಯಿ.

"ಒಂದು ತಾಸು. ಅದೂ ಸಿಕ್ರ. ಕಣ್ಣು ತೆರೀದನ ಹೋಗಬಹುದು."

ಆಮೇಲೆ ಶಬಾನಾ ಮಲಗುವ ಮುನ್ನ ತುಂಬಿದ ಅರ್ಜಿಯನ್ನು ತೆಗೆದು ಮುಂದಿಟ್ಟಳು. ಎಬ್ಬಿಸಬೇಕಾದ ದಿನ ಎಂಬಲ್ಲಿ ವಾಮನಾಚಾರ್ಯರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ಉತ್ತರಾಯಣದ ಮೊದಲ ದಿನ. ತಾರೀಕು ಇರಲಿಲ್ಲ.

"ನಮ್ಮ ಆಫೀಸಿನವರು ಅವರದನ ಪಂಚಾಂಗ ನೋಡಿ ಜನವರಿ ಹದಿನೈದು ಅಂತ ತುಂಬ್ಯಾರ. ನಾ ಶಾಲ್ಯಾಗ ಓದಿದ್ದು ಬ್ಯಾರೆ ನೆನಪದ ರಿ. ಸೂರ್ಯ ತಿರುಗೋದು ಡಿಸೆಂಬರ್ ಇಪ್ಪತ್ತೆರಡಕ್ಕ. ಆ ದಿನ ಎಬ್ಬಿಸಿದ್ರ ಆರು ತಾಸು ಸಿಗ್ತಾವ. ಮನುಷ್ಯಾ ಎದ್ದು ಕೂತು ಮಾತಾಡೋ ಆರು ತಾಸು. ಅವರು ಯಾವ ದಿನ ಅಂದಿದ್ರು, ನಿಮಗ ಗೊತ್ತಿರಬೇಕಲ್ಲ?"

ಅನಸೂಯಾಬಾಯಿಗೆ ಗೊತ್ತಿರಲಿಲ್ಲ.

ಮನೆಗೆ ಬಂದವರು ಈ ವರ್ಷದ ಪಂಚಾಂಗ ತೆಗೆದರು. ಜನವರಿ ಹದಿನೈದಕ್ಕೆ ಕೆಂಪು ದಪ್ಪಕ್ಷರದಲ್ಲಿ ಮಕರ ಸಂಕ್ರಾಂತಿ, ಉತ್ತರಾಯಣ ಆರಂಭ. ಡಿಸೆಂಬರ್ ಇಪ್ಪತ್ತೆರಡರ ಸಾಲಿನ ತುದಿಯಲ್ಲಿ ಇರುವೆಗಾತ್ರದ ಅಕ್ಷರ: ಸಾಯನ ಮಕರ, ರವಿ ಉತ್ತರಾಭಿಮುಖ; ಅಂದರೆ ಸೂರ್ಯ ಬಡಗಣಕ್ಕೆ ತಿರುಗುವ ದಿನ. ನಲವತ್ತೊಂದು ವರ್ಷ ಈ ಸಾಲನ್ನೂ ಅವರೇ ತಿದ್ದಿದ್ದರು. ಕಾಗುಣಿತ ಸರಿಯಿದೆಯೇ ಎಂದಷ್ಟೇ ನೋಡಿದ್ದರು.

ಸಂಜೆ ಮೈದುನ ಜಯತೀರ್ಥಾಚಾರ್ಯ ಬಂದರು. ಊರಲ್ಲಿ ಹತ್ತಾರು ಮನೆಗಳ ಪೌರೋಹಿತ್ಯ ಅವರದು. ವಿಷಯ ಕೇಳಿ ಅವರ ಮುಖ ಬಿಗಿಯಿತು.

"ವೈನಿ, ಅದು ಧನುರ್ಮಾಸ. ದಕ್ಷಿಣಾಯನ ಇನ್ನೂ ಮುಗಿದಿರೂದಿಲ್ಲ. ಭೀಷ್ಮಾಚಾರ್ಯರು ಬಾಣದ ಮ್ಯಾಲ ಐವತ್ತೆಂಟು ರಾತ್ರಿ ಮಲಗಿದ್ದು ಯಾಕ? ಉತ್ತರಾಯಣದಾಗ ಸ್ವರ್ಗದ ಬಾಗಲಾ ತೆರೀಲಿ ಅಂತ. ಇಪ್ಪತ್ತನಾಲ್ಕು ದಿನ ಮೊದಲ ಎಬ್ಬಿಸಿ ಅಣ್ಣನ್ನ ಮುಚ್ಚಿದ ಬಾಗಲದ ಮುಂದ ನಿಲ್ಲಸ್ತೀರೇನು?"

"ಸೂರ್ಯ ಅವತ್ತ ತಿರಗತಾನಂತ."

"ಯಾರಂದ್ರು? ಆ ಮಶೀನು ನೋಡೋ ಹುಡುಗಿನ? ಅಣ್ಣನ ಪಂಚಾಂಗಕ್ಕ ಅಣ್ಣನ ಮನ್ಯಾಗನ ಕಿಮ್ಮತ್ತಿಲ್ಲಂದ್ರ ನಾ ಏನು ಹೇಳ್ಲಿ. ಆರು ತಾಸಿನ ಆಶಾಕ್ಕ ಬಿದ್ದು ಅವರ ಗತಿ ಕೆಡಸಬ್ಯಾಡ್ರಿ."

ಕೊನೆಯ ಮಾತು ನಾಟಿತು. ಆಶೆ ಹೌದೇ ಹೌದು. ಅಕ್ಟೋಬರಿನಿಂದ ಈ ಮನೆಯಲ್ಲಿ ಆಕೆ ಒಂದು ಲೋಟ ಚಹಾ ಮಾಡಿಕೊಂಡು ಎರಡು ಲೋಟ ತೊಳೆದಿಡುತ್ತಿದ್ದರು. ಆರು ತಾಸು ಎಂದಾಗ ಎದೆಯಲ್ಲಿ ಎದ್ದದ್ದು ಶಾಸ್ತ್ರವಂತೂ ಅಲ್ಲ. ಅದಕ್ಕೇ ಭಯವಾಯಿತು. ತನಗೆ ಬೇಕಾದ್ದನ್ನೇ ಸೂರ್ಯನ ಬಾಯಲ್ಲಿ ಹೇಳಿಸುತ್ತಿದ್ದೇನೆಯೇ?

ಮರುದಿನ ಬೆಳಿಗ್ಗೆ ಗಂಡನ ಬರೆಯುವ ಕೋಣೆ ಗುಡಿಸಲು ಹೋದರು. ಮುಚ್ಚಿದ ಪೂರ್ವದ ಕಿಟಕಿಯ ಕದದಲ್ಲಿ ಮೊಳೆ ಕಿತ್ತುಹೋದ ಒಂದು ತೂತಿತ್ತು. ಹೊತ್ತು ಮೂಡಿದೊಡನೆ ಅದರಿಂದ ಬಂದ ಬಿಸಿಲು ಎದುರಿನ ಗೋಡೆಯ ಮೇಲೆ ಕೆಂಪನೆಯ ದುಂಡು ಚುಕ್ಕೆಯಾಗಿ ಬಿತ್ತು. ಹೋದ ವಾರ ಗುಡಿಸುವಾಗ ಆ ಚುಕ್ಕೆ ಗೋಡೆಯ ಬಿರುಕಿನ ಎಡಕ್ಕಿದ್ದದ್ದು ಆಕೆಗೆ ನೆನಪಿತ್ತು. ಈಗ ಅದು ಬಿರುಕು ದಾಟಿ ಬಲಕ್ಕೆ ಮೂರ್ನಾಲ್ಕು ಬೆರಳಗಲ ಬಂದಿತ್ತು.

ಕಸಬರಿಗೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು. ಸೂರ್ಯ ತೆಂಕಣಕ್ಕೆ ಸರಿದಂತೆ ಬೆಳಕು ಬಡಗಣಕ್ಕೆ ಸರಿಯುತ್ತದೆ. ಅಂದರೆ ಅವನು ತಿರುಗಿದ ದಿನ ಇದೂ ತಿರುಗಬೇಕು. ಯಾರನ್ನೂ ಕೇಳುವ ಹಾಗಿಲ್ಲ, ಯಾರೂ ತಪ್ಪು ಹೇಳುವ ಹಾಗಿಲ್ಲ. ಕರಡು ತಿದ್ದುವ ಪೆನ್ಸಿಲು ತಂದು ಚುಕ್ಕೆಯ ಅಂಚಿಗೊಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದರು.

ಅಂದಿನಿಂದ ದಿನವೂ ಅದೇ ಕೆಲಸ. ಚುಕ್ಕೆ ಮೊದಲು ಬಿದ್ದ ಕ್ಷಣದಲ್ಲೇ ಗೆರೆ ಎಳೆಯಬೇಕು, ತಡವಾದರೆ ಅದು ಕೆಳಗಿಳಿಯುತ್ತದೆ. ನವೆಂಬರಿನಲ್ಲಿ ಅದು ದಿನಕ್ಕೊಂದು ಬೆರಳಗಲ ಸರಿದಿರಬೇಕು. ಡಿಸೆಂಬರ್ ಹತ್ತಕ್ಕೆ ಕಡಲೆಕಾಳಿನಷ್ಟು ಸರಿಯಿತು. ಹದಿನಾಲ್ಕಕ್ಕೆ ಮಂಜು ಕವಿದು ಚುಕ್ಕೆಯೇ ಬೀಳಲಿಲ್ಲ. ಆ ದಿನವಿಡೀ ಅನಸೂಯಾಬಾಯಿಗೆ ಯಾವ ಕೆಲಸವೂ ಹಿಡಿಯಲಿಲ್ಲ.

ಹದಿನೇಳರ ಬೆಳಿಗ್ಗೆ ರಜೆಯಿದ್ದ ಶಬಾನಾ ಮನೆಗೇ ಬಂದಳು. ಗೋಡೆ ನೋಡಿ ನೇರ ಅದರ ಹತ್ತಿರ ಹೋದಳು. ಗೆರೆಗಳು ಬರಬರುತ್ತ ಒಂದಕ್ಕೊಂದು ಹತ್ತಿರವಾಗಿ, ಬಾಚಣಿಗೆಯ ಹಲ್ಲಿನಂತೆ ಕೂಡಿಕೊಂಡಿದ್ದವು.

"ಇದನ್ನ ನಿಮಗ ಯಾರು ಹೇಳಿಕೊಟ್ರು ಅಮ್ಮಾರ?"

"ಯಾರೂ ಇಲ್ಲ. ಶಬಾನಾ, ಹಂಗಾದ್ರ ಇವರು ಕೆಂಪಕ್ಷರದಾಗ ಬರದಿದ್ದು ಸುಳ್ಳೇನು?"

ಶಬಾನಾ ನೆಲದ ಮೇಲೆ ಕುಳಿತು ತನಗೆ ತಿಳಿದಷ್ಟು ಹೇಳಿದಳು. ಪಂಚಾಂಗ ಲೆಕ್ಕ ಹಿಡಿಯುವುದು ನಕ್ಷತ್ರಗಳಿಂದ. ಭೂಮಿ ತಿರುಗುವ ಬುಗುರಿಯ ಹಾಗೆ ತಲೆ ತೂಗುತ್ತದೆ, ಬಹಳ ನಿಧಾನವಾಗಿ. ಅದರಿಂದ ಸೂರ್ಯ ತಿರುಗುವ ದಿನಕ್ಕೂ ಮಕರರಾಶಿ ಹೊಗುವ ದಿನಕ್ಕೂ ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಸಾವಿರದ ಏಳುನೂರು ವರ್ಷಗಳ ಹಿಂದೆ ಎರಡೂ ಒಂದೇ ದಿನವಿದ್ದವು.

"ಸುಳ್ಳಲ್ಲ ರಿ. ನಕ್ಷತ್ರದ ಲೆಕ್ಕಕ್ಕ ಅದು ಖರೇ. ನಮ್ಮ ಮನ್ಯಾಗೂ ಹಿಂಗನ. ರಮಜಾನ್ ಚಂದ್ರ ಯಾವತ್ತ ಅಂತ ನಮ್ಮಣ್ಣ ವರ್ಷದ ಮೊದಲ ಫೋನಿನ್ಯಾಗ ತೋರಸ್ತಾನ. ನಮ್ಮ ಅಮ್ಮೀಜಾನ್ ಒಪ್ಪೂದಿಲ್ಲ. ಮ್ಯಾಲ ಹತ್ತಿ ಕಣ್ಣಾರೆ ಕಂಡ್ರನ ಆಕೀಗೆ ಹಬ್ಬ."

ಅನಸೂಯಾಬಾಯಿ ನಕ್ಕರು. ಬಹಳ ದಿನಗಳ ಮೇಲೆ ನಕ್ಕದ್ದು ತಮಗೇ ತಿಳಿಯಿತು. ಒಳಗೆ ಹೋಗಿ ಚಹಾ ಮಾಡಿ ಎರಡು ಲೋಟಕ್ಕೂ ಸುರಿದು ತಂದರು.

ಹೊರಡುವಾಗ ಶಬಾನಾ ಹೇಳಿದಳು, "ಬೆಚ್ಚಗ ಮಾಡ್ಲಿಕ್ಕೆ ಎರಡು ದಿನ ಬೇಕ್ರಿ. ಇಪ್ಪತ್ತೆರಡಕ್ಕ ಅಂದ್ರ, ಇಪ್ಪತ್ತರ ಮಧ್ಯಾಹ್ನದೊಳಗ ನನಗ ಹೇಳಬೇಕು. ಒಂದು ಮಾತು. ತಿರುಗೋದು ಅವತ್ತಿಗೆ ನಿಮ್ಮ ಕಣ್ಣಿಗೆ ಕಾಣೂದಿಲ್ಲ. ಹೊಳ್ಳಿ ಬರೋದು ಕಾಣಬೇಕಂದ್ರ ಮುಂದ ವಾರ ಹತ್ತು ದಿನ ಕಾಯಬೇಕು. ಇಪ್ಪತ್ತಕ್ಕ ನಿಮಗ ಕಾಣೋದು, ನಿಂತದ್ದು ಅಷ್ಟ."

ಹದಿನೆಂಟಕ್ಕೆ ಚುಕ್ಕೆ ಎಳ್ಳುಕಾಳಿನಷ್ಟು ಸರಿಯಿತು. ಹತ್ತೊಂಬತ್ತಕ್ಕೆ ಎಳೆದ ಗೆರೆ ಹಿಂದಿನ ಗೆರೆಗೇ ತಾಗಿತು. ಇಪ್ಪತ್ತಕ್ಕೆ ಪೆನ್ಸಿಲು ಹಿಡಿದು ಹೋದರೆ ಚುಕ್ಕೆ ನಿನ್ನೆಯ ಗೆರೆಯ ಮೇಲೆಯೇ ಬಂದು ಕುಳಿತಿತ್ತು. ಕನ್ನಡಕ ಒರೆಸಿ ನೋಡಿದರು. ಮೊನ್ನೆ ಮೊನ್ನೆಯವರೆಗೆ ಓಡುತ್ತಿದ್ದದ್ದು ನಿಂತಿತ್ತು.

ಮೊದಲು ಶಬಾನಾಗೆ ತಿಳಿಸಿದರು, ಆಮೇಲೆ ಜಯತೀರ್ಥಾಚಾರ್ಯರಿಗೆ ಫೋನು ಹಚ್ಚಿದರು. "ಜಯತೀರ್ಥ, ನಾಡಿದ್ದ ಇವರನ್ನ ಎಬ್ಬಸ್ತಾರ. ನೀವೂ ಬರ್ರಿ."

"ನಿಮ್ಮ ಮನಸ್ಸು ಗಟ್ಟಿ ಆಗ್ಯದೇನು?"

"ಭೀಷ್ಮಾಚಾರ್ಯರ ಕೈಯಾಗ ಪಂಚಾಂಗ ಇರಲಿಲ್ಲ. ಮಕಾ ಮ್ಯಾಲ ಮಾಡಿ ಮಲಗಿದ್ರು. ಸೂರ್ಯನ್ನ ನೋಡಕೋತ ಮಲಗಿದ್ರು."

"ನಾ ಬರೂದಿಲ್ಲ, ವೈನಿ," ಎಂದು ಅವರು ಫೋನಿಟ್ಟರು.

ಇಪ್ಪತ್ತೆರಡರ ಬೆಳಿಗ್ಗೆ ಒಂಬತ್ತಕ್ಕೆ ವಾಮನಾಚಾರ್ಯರು ಕಣ್ಣು ತೆರೆದರು. ಅವರ ಮಂಚವನ್ನು ಶಬಾನಾ ತೆಂಕಣ ಕಿಟಕಿಯ ಕೋಣೆಗೆ ತಂದಿದ್ದಳು. ಮೊದಲು ಅವರಿಗೆ ತಿಳಿದದ್ದು ಕೈಯೊಳಗಿನ ಕೈ. ಆಮೇಲೆ ಮುಖ.

"ಸೊರಗೀದಿ," ಎಂದರು. ಗಂಟಲು ಒಣಗಿ ಮಾತು ಗೀಚಿಕೊಂಡು ಬಂತು.

"ನೀವೇನು ತುಂಬಿಕೊಂಡೀರಿ?" ಎನ್ನುತ್ತ ಅನಸೂಯಾಬಾಯಿ ಚಮಚೆಯಲ್ಲಿ ಬೆಚ್ಚನೆಯ ನೀರು ಹಾಕಿದರು.

ಹತ್ತು ನಿಮಿಷದಲ್ಲಿ ದಿಂಬಿಗೊರಗಿ ಕುಳಿತರು. ಕಿಟಕಿಯ ಬಿಸಿಲು ನೆಲ ದಾಟಿ, ಮಂಚದ ಕಾಲು ದಾಟಿ ಎದುರಿನ ಗೋಡೆಯ ಬುಡಕ್ಕೆ ಮುಟ್ಟಿತ್ತು. ಅದನ್ನು ಅಳೆಯುವವರಂತೆ ನೋಡುತ್ತ ಹೇಳಿದರು, "ಬಿಸಿಲು ಇಷ್ಟ ಒಳಗ ಬಂದದ. ಸಂಕ್ರಾಂತಿ ಇನ್ನೂ ಆಗಿಲ್ಲ. ಡಿಸೆಂಬರ್."

"ಇಪ್ಪತ್ತೆರಡು," ಎಂದರು ಅನಸೂಯಾಬಾಯಿ. ಚಮಚೆ ಕೆಳಗಿಟ್ಟರು. "ನಾನ ಎಬ್ಬಿಸ್ಲಿಕ್ಕೆ ಹೇಳ್ದೆ. ನಿಮ್ಮ ಕೆಂಪಕ್ಷರದ ದಿನ ಬಿಟ್ಟು ಸಣ್ಣಕ್ಷರದ ದಿನ ಹಿಡದೆ. ತಪ್ಪಾತೇನು?"

ಅವರು ಆಕೆಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದರು.

"ಅರ್ಜಿ ತುಂಬೂವಾಗ ತಾರೀಕು ಬರೀಬೇಕಂತ ಪೆನ್ನು ಹಿಡದೆ, ಅನಸೂಯಾ. ಬರೀಲಿಕ್ಕೆ ಆಗಲಿಲ್ಲ. ನಲವತ್ತು ವರ್ಷ ಎರಡನ್ನೂ ಅಚ್ಚು ಹಾಕಿಸೀನಿ, ಒಂದನ್ನ ದೊಡ್ಡದು ಮಾಡಿ, ಒಂದನ್ನ ಸಣ್ಣದು ಮಾಡಿ. ಯಾವದನ್ನ ನಂಬತೀನಿ ಅಂತ ನನ್ನನ್ನ ಯಾರೂ ಕೇಳಿರಲಿಲ್ಲ. ಕಡೀಕೆ ಆ ಅರ್ಜಿ ಕೇಳ್ತು. ನೀ ಎಂದ ಎಬ್ಬಸ್ತಿ ಅಂದ ಉತ್ತರಾಯಣ ಅಂತ ಬಿಟ್ಟು ಮಲಗಿದೆ."

"ಅಷ್ಟು ದೊಡ್ಡ ಭಾರ ನನ್ನ ಮ್ಯಾಲ ಹಾಕಿ ಆರಾಮ ಮಲಗಿದ್ರಿ."

"ಹೂಂ. ಸಂಸಾರದಾಗ ಉಳಿದದ್ದನ್ನೂ ಹಂಗ ಹಾಕೀನಲ್ಲ," ಎಂದು ಅವರು ಕಣ್ಣಲ್ಲೇ ನಕ್ಕರು.

ಶಬಾನಾ ಬಂದು ನಿಯಮದಂತೆ ಕೇಳಿದಳು. ಎರಡು ತಾಸು ಮಾತಾಡಿ ಮತ್ತೆ ಮಲಗಬಹುದು. ಸಂಕ್ರಾಂತಿಗೆ ಇನ್ನೊಂದು ಸಲ ಎಬ್ಬಿಸುವ ಯತ್ನ ಮಾಡಬಹುದು. ಅರ್ಧ ತಾಸು ಸಿಗಬಹುದು, ಸಿಗದೆಯೂ ಇರಬಹುದು. ಅನಸೂಯಾಬಾಯಿ ಗಂಡನ ಮುಖ ನೋಡಿದರು.

"ಬ್ಯಾಡವಾ," ಎಂದರು ವಾಮನಾಚಾರ್ಯರು ಶಬಾನಾಗೆ. "ಇಲ್ಲೆ ಬಿಸಲಾಗ ಚಲೋ ಅನಸ್ತದ."

ಸಂಕ್ರಾಂತಿಗೆಂದು ಅನಸೂಯಾಬಾಯಿ ಮಾಡಿ ತಂದಿದ್ದ ಕುಸುರೆಳ್ಳಿನ ಎರಡು ಕಾಳು ಅವರು ಬಾಯಿಗೆ ಹಾಕಿಕೊಂಡು ಕರಗುವವರೆಗೆ ಚೀಪಿದರು. ಆಮೇಲೆ ಅಚ್ಚಿನ ಮನೆಯವನ ಸಿಟ್ಟು, ಮದುವೆಯಾದ ವರ್ಷ ಹಂಪಿಯಲ್ಲಿ ದಾರಿ ತಪ್ಪಿದ್ದು, ಸೋರುವ ಅಡುಗೆಮನೆ, ಹೀಗೆ ಏನೇನೋ ಮಾತು ಬಂತು. ನಡುನಡುವೆ ನಿದ್ದೆಯಂತೆ ಕಣ್ಣು ಮುಚ್ಚುತ್ತಿತ್ತು. ಅನಸೂಯಾಬಾಯಿ ಗೋಡೆಯ ಗೆರೆಗಳ ಕಥೆಯನ್ನೂ ಹೇಳಿದರು. ಅವರು ದಿಂಬಿನಿಂದ ತಲೆ ಎತ್ತಿದರು.

"ಇವತ್ತ ಎಲ್ಲಿತ್ತು ಚುಕ್ಕಿ?"

"ಹತ್ತೊಂಬತ್ತರ ಗೆರಿ ಮ್ಯಾಲ. ನಾಲ್ಕು ದಿನಾತು, ಹಂದಿಲ್ಲ."

"ನಾಲ್ಕು ದಿನ." ಅವರು ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದರು. "ಇದರ ಲೆಕ್ಕಾ ಎಷ್ಟು ಸಲ ಮಾಡೀನಿ. ಘಳಿಗಿ, ವಿಘಳಿಗಿ ಬಿಡದ. ಒಮ್ಮೆನೂ ನೋಡಿಲ್ಲ ನೋಡು. ನಾ ಏಳೋದ ಎಂಟಕ್ಕ. ಅದು ಹ್ಯಾಂಗ ನಿಲ್ತದ, ಹೇಳು."

ಅನಸೂಯಾಬಾಯಿ ಹೇಳಿದರು. ಮೊದಲು ಕೆಂಪಗೆ ಬೀಳುವುದು, ಅಂಚು ನಡುಗುವುದು, ಬಿರುಕು ದಾಟಿದ್ದು, ಮಂಜಿನ ದಿನ ಗೋಡೆ ಬರಿದಾಗಿದ್ದದ್ದು, ಬೆರಳಗಲ ಹೋಗಿ ಕಡಲೆಯಾಗಿ, ಕಡಲೆ ಹೋಗಿ ಎಳ್ಳಾದದ್ದು. ಅವರು ಪಾಠ ಕೇಳುವ ಹುಡುಗನಂತೆ ಕೇಳಿದರು.

ಹನ್ನೆರಡೂವರೆಗೆ ಬಾಗಿಲಲ್ಲಿ ನೆರಳು ಬಿತ್ತು. ಜಯತೀರ್ಥಾಚಾರ್ಯ. ಅತ್ತಿಗೆಯ ಕಡೆ ನೋಡದೆ ಬಂದು ಅಣ್ಣನ ಪಾದದ ಬಳಿ ಕುಳಿತು, ಹೊದಿಕೆಯ ಮೇಲಿನಿಂದಲೇ ಕಾಲು ಒತ್ತತೊಡಗಿದರು. ಶಾಸ್ತ್ರದ ಮಾತು ಬರಲಿಲ್ಲ. ಅಣ್ಣ ಕೇಳಿದ್ದು ಒಂದೇ: "ನಿನ್ನ ಮಂಡಿ ನೋವು ಹ್ಯಾಂಗದ?"

ಎರಡೂ ಮುಕ್ಕಾಲಿಗೆ ವಾಮನಾಚಾರ್ಯರು ಹೋದರು. ಆಗ ಬಿಸಿಲು ಅವರ ಹೊದಿಕೆಯ ಅಂಚಿನಲ್ಲಿತ್ತು. ಕೋಣೆಯ ಗಾಜಿನಾಚೆ ಪರದೆ ನೋಡುತ್ತಿದ್ದ ಶಬಾನಾ ಎದ್ದು ನಿಂತದ್ದನ್ನು ಕಂಡು ಅನಸೂಯಾಬಾಯಿಗೆ ತಿಳಿಯಿತು. ಆದರೂ ಅವರು ಕೈ ಬಿಡಲಿಲ್ಲ. ಯಾರೂ ಬಿಡಿಸಲೂ ಇಲ್ಲ.

ಕತ್ತಲಾಗುವುದರೊಳಗೆ ಮುಗಿಸಬೇಕೆಂದು ದೇಹವನ್ನು ಬೇಗ ಮನೆಗೆ ತಂದರು. ಕರ್ಮ ಮಾಡಬೇಕಾದವರು ಜಯತೀರ್ಥಾಚಾರ್ಯರೇ. ಆ ದಿನದ ತಿಥಿ, ನಕ್ಷತ್ರ ನೋಡಿಕೊಳ್ಳಲು ಅವರು ಅಣ್ಣನ ಕೋಣೆಗೆ ಪಂಚಾಂಗ ತರಲು ಹೋದರು. ಹೋದವರು ಬೇಗ ಬರಲಿಲ್ಲ. ಅನಸೂಯಾಬಾಯಿ ಬಾಗಿಲಿಗೆ ಬಂದು ನೋಡಿದರೆ, ಮೈದುನ ಗೋಡೆಯ ಮುಂದೆ ಬಾಗಿ ನಿಂತಿದ್ದರು. ತೋರುಬೆರಳು ಮೊದಲ ಗೆರೆಯಿಂದ ಹೊರಟು, ತಾರೀಕು ತಾರೀಕಿಗೆ ನಿಂತು, ಕೊನೆಯ ಒತ್ತು ಗೆರೆಗಳ ಮೇಲೆ ಬಂದು ತಂಗಿತ್ತು. ಆಕೆ ಸದ್ದು ಮಾಡದೆ ಹಿಂದೆ ಸರಿದರು.

ಸ್ಮಶಾನಕ್ಕೆ ಹೆಂಗಸರು ಹೋಗುವುದು ಆಗ ಹೊಸತೇನಲ್ಲ. ಅನಸೂಯಾಬಾಯಿ ಶಬಾನಾಳ ತೋಳು ಹಿಡಿದು ಚಿತೆಯಿಂದ ಸ್ವಲ್ಪ ದೂರದಲ್ಲಿ ನಿಂತರು. ಯಾವ ಕರ್ಮವಾದರೂ ಮೊದಲು ಸಂಕಲ್ಪ. ಯಾವ ಸಂವತ್ಸರ, ಯಾವ ಅಯನ, ಯಾವ ಋತು, ಯಾವ ಮಾಸದಲ್ಲಿ ಇದನ್ನು ಮಾಡುತ್ತಿದ್ದೇನೆಂದು ಕರ್ತೃ ಬಾಯಿಬಿಟ್ಟು ಹೇಳಬೇಕು. ಜಯತೀರ್ಥಾಚಾರ್ಯ ಕೈಯಲ್ಲಿ ನೀರು ಹಿಡಿದು ಸಂವತ್ಸರದ ಹೆಸರು ಹೇಳಿದರು, ಅಲ್ಲಿಗೆ ನಿಲ್ಲಿಸಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಉತ್ತರಾಯಣೇ," ಎಂದರು. "ಹೇಮಂತ ಋತೌ..."

ಮಂತ್ರ ಹೇಳಿಸುತ್ತಿದ್ದ ಪುರೋಹಿತರು ಗಾಬರಿಯಾಗಿ ಕಿವಿಯ ಹತ್ತಿರ ಬಾಗಿದರು. "ಆಚಾರ್ಯರ, ತಪ್ಪಿದ್ರಿ. ದಕ್ಷಿಣಾಯನ ಅನ್ನಬೇಕು. ಸಂಕ್ರಾಂತಿ ಇನ್ನೂ ಮುಂದದ."

"ತಪ್ಪಿಲ್ಲ," ಎಂದರು ಜಯತೀರ್ಥಾಚಾರ್ಯ. "ನೋಡೇ ಹೇಳೀನಿ."

ಅವರು ಅಂಗೈಗೆ ಹೊಸದಾಗಿ ನೀರು ತೆಗೆದುಕೊಂಡು ಮತ್ತೆ ಮೊದಲಿನಿಂದ, ಎಲ್ಲರಿಗೂ ಕೇಳುವ ಹಾಗೆ, ಸಂಕಲ್ಪ ಹೇಳಿದರು.